ಗಾಳಿಯ ದಿಕ್ಕಿನ ಕಿಟಕಿಗಳು

"ಚಾವಣಿ ಅಂದ್ರೆ ನಿಮ್ಮ ತಮ್ಮ ಹಾಕ್ಬೇಕು ಬಿಡಿ!" ಎಂದು ಪಕ್ಕದ ಮನೆಯಾಕೆ ದೊಡ್ಡ ಮೇಸ್ತ್ರಿಯ ಮುಖಕ್ಕೇ ಅಂದುಬಿಟ್ಟಳು. ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ. ಮೂವತ್ತು ವರ್ಷದಿಂದ ಈ ಬೀದಿಯ ಚಾವಣಿಗಳನ್ನೆಲ್ಲ ಕೂರಿಸಿದವನು ತಾನು, ತಮ್ಮನಿಗೆ ಉಳಿ ಹಿಡಿಯಲು ಕಲಿಸಿದವನೂ ತಾನೇ! ಆ ತಮ್ಮ ತನ್ನ ಮನೆಗೆ ನಾಲ್ಕೂ ಕಡೆ ಇಳಿಜಾರಿನ ಚಾವಣಿ ಹಾಕಿದ್ದೇ ತಡ, ದಾರಿಹೋಕರು ನಿಂತು ನೋಡತೊಡಗಿದ್ದರು. ಮುಂದಿನ ತಿಂಗಳು ಶಾಲೆಯ ಚಾವಣಿಯ ಕೆಲಸ ಯಾರಿಗೆಂದು ಸರ್ಕಾರಿ ಎಂಜಿನಿಯರ್ ಹೇಳಬೇಕಿತ್ತು. ಅದೂ ತಮ್ಮನ ಪಾಲಾದರೆ ತಾನಿನ್ನು ಒಡೆದ ಹಂಚು ಬದಲಿಸಿಕೊಂಡು ಬಿದ್ದಿರಬೇಕು.

ಅಷ್ಟರಲ್ಲಿ ಚಂಡಮಾರುತದ ಸುದ್ದಿ ಬಂತು. ನಾಳೆ ಮಧ್ಯಾಹ್ನ, ಸಮುದ್ರದ ಕಡೆಯಿಂದ. ಎಲ್ಲರೂ ಬೆಳಿಗ್ಗೆಯೇ ಆಸ್ಪತ್ರೆಯ ಕಾಂಕ್ರೀಟ್ ಕಟ್ಟಡ ಸೇರಬೇಕು. ಅಂದರೆ ಮನೆಗಳು ಖಾಲಿ, ಯಾರ ಕೂದಲೂ ಕೊಂಕದು. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊಳೆ ಕೀಳುವುದು, ಬೋಲ್ಟು ಬಿಚ್ಚುವುದು ದಡ್ಡರ ಕೆಲಸ. ಬಿರುಗಾಳಿ ಚಾವಣಿಯನ್ನು ಕೆಳಕ್ಕೆ ಒತ್ತುತ್ತದೆ ಎಂದು ಜನ ನಂಬಿರುತ್ತಾರೆ, ಪಾಪ! ರಭಸದ ಗಾಳಿ ಮೇಲೆ ಹಾಯುವಾಗ ಅಲ್ಲಿ ಒತ್ತಡ ಇಳಿದು ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ. ಜೊತೆಗೆ ಗಾಳಿಯ ದಿಕ್ಕಿನ ಕಿಟಕಿಯೂ ತೆರೆದಿದ್ದರೆ ಮುಗಿಯಿತು. ಒಳನುಗ್ಗಿದ ಗಾಳಿ ಹೊರಹೋಗಲು ದಾರಿ ಕಾಣದೆ ಕೆಳಗಿನಿಂದಲೂ ನೂಕುತ್ತದೆ. ಚಾವಣಿ ಡಬ್ಬಿಯ ಮುಚ್ಚಳದ ಹಾಗೆ ಹಾರುತ್ತದೆ. ಆಯುಧವಿಲ್ಲ, ಗುರುತಿಲ್ಲ. ಕಿಟಕಿ ತೆರೆಯುವ ಕೈಯೂ ತಮ್ಮನದೇ.

ಸಂಜೆ ತಮ್ಮನ ಮನೆಗೆ ಹೋಗಿ ಹೇಳಿದ: "ನೋಡಪ್ಪಾ, ಸಮುದ್ರದ ಕಡೆ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಹೊರಡು. ಮಿಕ್ಕಿದ್ದು ಭದ್ರವಾಗಿ ಹಾಕು. ಎಲ್ಲಾ ಮುಚ್ಚಿಟ್ರೆ ಒಳಗಿನ ಒತ್ತಡಕ್ಕೆ ಮನೆ ಒಡೆದೇ ಹೋಗುತ್ತೆ."

ಅಣ್ಣನ ಮಾತಿಗೆ ಎಂದೂ ಎದುರಾಡದ ತಮ್ಮನ ಕಣ್ಣು ಒದ್ದೆಯಾಯಿತು. "ನೀನಿಲ್ದಿದ್ರೆ ನನ್ನ ಗತಿ ಏನಣ್ಣಾ!"

ಮೇಸ್ತ್ರಿಗೆ ಒಳಗೆಲ್ಲೋ ಚುರುಕ್ಕೆಂದಿತು. ಶಾಲೆಯ ಚಾವಣಿ ನೆನಪಾದದ್ದೇ ಅದು ತಾನಾಗಿಯೇ ಸರಿಹೋಯಿತು.

ಬೆಳಿಗ್ಗೆ ತನ್ನ ಮನೆಯ ಒಂದೊಂದು ಚಿಲಕವನ್ನೂ ಎರಡೆರಡು ಸಲ ಎಳೆದು ನೋಡಿದ. ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಆಮೇಲೆ ಬರುತ್ತೇನೆಂದಳು. ಒಳ್ಳೆಯ ಜಾಗ ಹಿಡಿಯಲು ಇವನು ಮೊದಲ ವ್ಯಾನಿನಲ್ಲೇ ಹೊರಟ. ಮಧ್ಯಾಹ್ನವೆಲ್ಲ ಆಸ್ಪತ್ರೆಯ ಹೊರಗೆ ಗಾಳಿ ಬೊಬ್ಬಿಡುತ್ತಿತ್ತು. ಜನ ಕೈಮುಗಿದು ಕೂತಿದ್ದರೆ, ಮೇಸ್ತ್ರಿ ಕಣ್ಣುಮುಚ್ಚಿ ನಾಳೆ ತಮ್ಮನಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸುತ್ತಿದ್ದ.

ಮರುದಿನ ಬೀದಿಯ ತಿರುವಿಗೆ ಬಂದು ನೋಡಿದ. ಸಾಲಿಗೆ ಸಾಲು ಬೋಳುಗೋಡೆಗಳು. ಅವನು ಕೂರಿಸಿದ ಒಂದು ಚಾವಣಿಯೂ ಇರಲಿಲ್ಲ, ಅವನ ಮನೆಯದೂ. ತಮ್ಮನದೊಂದೇ ನೆಟ್ಟಗೆ ನಿಂತಿತ್ತು. "ಕಿಟಕಿ ತೆಗೀರಿ ಅಂದ ಪುಣ್ಯಾತ್ಮ ಯಾರ್ರೀ?" ಎಂದು ಎಂಜಿನಿಯರ್ ಗದರಿಸುತ್ತಿದ್ದರು. ಇಡೀ ಬೀದಿ ಮೇಸ್ತ್ರಿಯ ಕಡೆ ಕೈ ತೋರಿಸಿತು. ತಮ್ಮ ಓಡಿಬಂದು ಅವನನ್ನು ತಬ್ಬಿಕೊಂಡು ಅತ್ತ. "ಅಣ್ಣನ್ನ ಏನೂ ಅನ್ಬೇಡಿ ಸಾರ್, ಒಳ್ಳೇದಕ್ಕೇ ಹೇಳಿದ್ದು! ಅದನ್ನ ನಾನೊಬ್ನೇ ಇಟ್ಕೊಳ್ಳೋದು ಸರಿಯಲ್ಲ ಅಂತ ಮನೆಮನೆಗೂ ಹೋಗಿ, ದೊಡ್ಡ ಮೇಸ್ತ್ರಿ ಹೇಳಿದಾರೆ ಅಂತ ತೆಗೆಸ್ದೆ. ನಿನ್ನ ಮನೇದು ಮುಚ್ಚೇ ಇತ್ತಲ್ಲಣ್ಣಾ, ಗಡಿಬಿಡೀಲಿ ಮರ್ತಿದೀಯ ಅಂತ ಅತ್ತಿಗೆ ಹತ್ರ ಕೀ ಇಸ್ಕೊಂಡು ನಾನೇ ತೆಗೆದಿಟ್ಟೆ. ಅಷ್ಟರಲ್ಲಿ ಕೊನೇ ವ್ಯಾನು ಹೊರಟು ನಿಂತಿತ್ತು, ಓಡಿ ಹತ್ಕೊಂಡೆ... ನನ್ನ ಮನೆ ಕಿಟಕಿ ತೆಗೆಯೋಕೇ ಆಗ್ಲಿಲ್ಲ."