ಹಲ್ಲಿಗೆ ಸಿಕ್ಕ ಕಾಳು

"ಇಲ್ಲಿ ಡಾಕ್ಟರ್ ಯಾರು?"

ಸ್ಟೀಲ್ ಡಬ್ಬಿಯನ್ನು ಎದೆಗೆ ಅವಚಿಕೊಂಡು ಅವಳು ಬಾಗಿಲು ತಳ್ಳಿ ಒಳಗೆ ನುಗ್ಗಿದಾಗ, ಹಲ್ಲಿನ ಡಾಕ್ಟರ್ ದಪ್ಪ ಮೀಸೆಯವರೊಬ್ಬರ ಬಾಯಿಗೆ ದೀಪ ಹಿಡಿದು ಬಗ್ಗಿದ್ದ.

ನರ್ಸ್ ಅಡ್ಡ ಬಂದಳು. "ಮೇಡಂ, ಟೋಕನ್ ತಗೊಂಡು ಕೂತ್ಕೊಳ್ಳಿ..."

"ನನಗೆ ಹಲ್ಲು ನೋವಿಲ್ಲ. ತಲೆನೋವು. ಅದನ್ನ ತಂದಿಟ್ಟಿರೋದು ನಿಮ್ಮ ಡಾಕ್ಟ್ರು."

ಅವನು ನಿಧಾನವಾಗಿ ನೆಟ್ಟಗಾದ. ಮೂಗು ಬಾಯಿ ಮಾಸ್ಕಿನೊಳಗೆ. ಕಾಣುತ್ತಿದ್ದುದು ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ಗಾಬರಿಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಅದನ್ನು ಕಂಡೇ ಅವಳ ಮೈ ಇನ್ನಷ್ಟು ಉರಿಯಿತು.

"ನನ್ನ ಪಾಪ್‌ಕಾರ್ನ್ ಉಂಡೆ ತಿಂದ್ರೆ ಹಲ್ಲು ಮುರಿಯುತ್ತೆ ಅಂತ ಥಿಯೇಟರ್ ಕ್ಯಾಂಟೀನಲ್ಲಿ ಸಾರಿದ್ದು ನೀವೇ ತಾನೇ?"

"ಓ... ಉಂಡೆ ಮೇಡಂ ಅಂದ್ರೆ ನೀವೇನಾ?"

"ಹೌದು, ನಾನೇ. ಇವತ್ತಿಂದ ನಿಮ್ಮ ಉಂಡೆ ಬೇಡ ಅಂತ ಕ್ಯಾಂಟೀನ್ ಮಾಲೀಕರು ಅಷ್ಟು ಜನರ ಎದುರಿಗೆ ಡಬ್ಬಿ ವಾಪಸ್ ಕೊಟ್ರು. ಡಾಕ್ಟ್ರೇ ಹೇಳಿದ ಮೇಲೆ ನಾನೇನು ಮಾಡ್ಲಿ ಅಂದ್ರು." ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. "ತಿನ್ನಿ. ಇದು ಹಲ್ಲು ಮುರಿಯೋ ಉಂಡೆನಾ ಅಂತ ಇವರೂ ನೋಡ್ಲಿ."

ಕೆನ್ನೆಯ ಎರಡೂ ಕಡೆ ಹತ್ತಿ ತುಂಬಿಕೊಂಡಿದ್ದ ಮೀಸೆಯವರು ಕುರ್ಚಿಯಿಂದಲೇ ಕತ್ತು ಚಾಚಿ "ಊಂ" ಎಂದರು.

"ಈಗ ತಿನ್ನೋಕಾಗಲ್ಲ," ಅಂದ ಡಾಕ್ಟರ್.

"ಯಾಕೆ, ಸುಳ್ಳು ಹೊರಗೆ ಬರುತ್ತೆ ಅಂತಾನಾ?"

ಅವನು ಮಾಸ್ಕ್ ಕೆಳಗೆಳೆದ. ಮೇಲ್ಸಾಲಿನ ಮುಂದಿನ ಹಲ್ಲು ಅರ್ಧಕ್ಕೇ ತುಂಡಾಗಿತ್ತು!

ಊರವರ ಹಲ್ಲು ರಿಪೇರಿ ಮಾಡುವವನ ಹಲ್ಲೇ ಮುರಿದಿದೆ. ಅವಳಿಗೆ ನಗು ಗಂಟಲವರೆಗೂ ಬಂತು. ಹಾಗೇ ನುಂಗಿಕೊಂಡಳು. ನಗುವುದಕ್ಕೆ ಬಂದವಳಲ್ಲ ಅವಳು.

"ಸಿನಿಮಾ ನೋಡ್ತಾ ತಿಂತಿದ್ದೆ," ಎಂದ. ಸಿನಿಮಾ ಎನ್ನುವಾಗ ಮುರಿದ ಹಲ್ಲಿನ ಸಂದಿಯಿಂದ ಸಣ್ಣ ಶಿಳ್ಳೆ ಹೊರಟಿತು. "ಉಂಡೆ ಮೆತ್ತಗೇ ಇತ್ತು. ಒಳಗೆ ಅರಳದ ಕಾಳು ಒಂದಿತ್ತು. ಕ್ಯಾಂಟೀನಲ್ಲಿ ಅಷ್ಟೇ ಹೇಳಿದೆ. ಮಾಡೋರಿಗೆ ತಿಳಿಸಿಬಿಡಿ ಅಂದೆ."

"ನಮ್ಮ ಉಂಡೇಲಿ ಕಾಳಿರೋಕೆ ಸಾಧ್ಯವೇ ಇಲ್ಲ. ನಮ್ಮಪ್ಪ ಒಂದೊಂದಾಗಿ ಆರಿಸ್ತಾರೆ. ಭಾನುವಾರ ಮನೆಗೆ ಬಂದು ನಿಮ್ಮ ಕಣ್ಣಾರೆ ನೋಡಿ. ನೋಡಿದ ಮೇಲೆ ಕ್ಯಾಂಟೀನಿಗೆ ಹೋಗಿ ತಪ್ಪಾಯ್ತು ಅಂತ ಹೇಳ್ಬೇಕು."

"ಬರ್ತೀನಿ."

ಇಷ್ಟು ಸುಲಭವಾಗಿ ಒಪ್ಪಿಬಿಟ್ಟನಲ್ಲ! ಇನ್ನೂ ಜಗಳಕ್ಕೆ ಸಿದ್ಧವಾಗಿದ್ದ ಮಾತುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ಅವಳು ಮೆಟ್ಟಿಲಿಳಿದಳು.

ದಾರಿಯುದ್ದಕ್ಕೂ ಅವಳ ಎದೆ ಕುದಿಯುತ್ತಲೇ ಇತ್ತು. ಹಲ್ಲು ಮುರಿಯುತ್ತಂತೆ... ಆ ಉಂಡೆ ಹುಟ್ಟಿದ್ದೇ ಹಲ್ಲಿಲ್ಲದ ಬಾಯಿಗಾಗಿ ಎಂಬುದು ಇವರಿಗೇನು ಗೊತ್ತು?

ಅವಳ ಅಪ್ಪ ಅದೇ ಥಿಯೇಟರಿನ ಮೆಷಿನ್ ರೂಮಿನಲ್ಲಿ ರೀಲು ಓಡಿಸುತ್ತಿದ್ದವರು. ಬಿಸಿ ಪಾಪ್‌ಕಾರ್ನ್ ಇಲ್ಲದೆ ಅವರ ಒಂದು ಆಟವೂ ಮುಗಿಯುತ್ತಿರಲಿಲ್ಲ. ಹಲ್ಲೆಲ್ಲ ಹೋಗಿ ಕಟ್ಟಿಸಿದ ಹಲ್ಲು ಬಂದ ಮೇಲೆ ಪೊಟ್ಟಣವನ್ನು ಸುಮ್ಮನೆ ಮೂಸಿ ಪಕ್ಕಕ್ಕಿಡುವುದನ್ನು ಅವಳು ನೋಡಿದ್ದಳು. ಅವಳು ಹಟ ಹಿಡಿದು ಒಲೆಯ ಮುಂದೆ ಕೂತಿದ್ದು ಆಗಲೇ. ಮೊದಮೊದಲ ಉಂಡೆಗಳನ್ನು ಗೋಡೆಗೆ ಎಸೆದಿದ್ದರೆ ಗೋಡೆ ಬಿರಿಯುತ್ತಿತ್ತು. ಆಮೇಲೆ ಒಂದು ದಿನ, ಅಪ್ಪ ಒಂದಿಡೀ ಉಂಡೆ ತಿಂದು, ಬೆರಳು ನೆಕ್ಕಿ, "ಇನ್ನೊಂದು ಇದೆಯಾ?" ಎಂದರು.

ಅಂಥ ಉಂಡೆಗೆ ಈ ಮಾತಾ?

ಭಾನುವಾರ ಡಾಕ್ಟರ್ ಬಂದ. ಮುರಿದ ಹಲ್ಲಿಗೆ ತಾತ್ಕಾಲಿಕವಾಗಿ ಏನೋ ಮೆತ್ತಿಸಿಕೊಂಡಿದ್ದ. ಶಿಳ್ಳೆ ನಿಂತಿತ್ತು. ಅವಳಿಗೆ ಯಾಕೋ ಸ್ವಲ್ಪ ಬೇಜಾರಾಯಿತು. ಅದು ತನಗೇ ಅರ್ಥವಾಗದೆ ಅವನ ಮೇಲೆ ರೇಗಿದಳು.

"ಅಲ್ಲಿ ನಿಂತ್ರೆ ಏನು ಕಾಣುತ್ತೆ? ಹತ್ರ ಬನ್ನಿ."

ಅಡುಗೆಮನೆಯ ಮೂಲೆಯಲ್ಲಿ ಅಪ್ಪ ಅಗಲವಾದ ತಟ್ಟೆಯಲ್ಲಿ ಪಾಪ್‌ಕಾರ್ನ್ ಹರವಿಕೊಂಡು ಕಾಳು ಆರಿಸುತ್ತಿದ್ದರು. ಒಲೆಯ ಮೇಲೆ ಬೆಣ್ಣೆ, ಸಕ್ಕರೆ, ಡಬ್ಬಿಯ ಗಟ್ಟಿ ಹಾಲು ಒಂದಾಗಿ ಕುದಿಯುತ್ತಿದ್ದವು. ತಳ ಹಿಡಿಯದಂತೆ ಅವಳು ಕೈಯಾಡಿಸುತ್ತಲೇ ಇದ್ದಳು.

"ಪಾಕ ಹದಕ್ಕೆ ಬಂದಿರೋದು ಹೇಗೆ ಗೊತ್ತಾಗುತ್ತೆ?" ಅವನು ಕೇಳಿದ.

ಅವಳು ಬಟ್ಟಲಿನ ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟಳು. ಕೈಯಲ್ಲಿ ಎತ್ತಿ ಬೆರಳಿನಲ್ಲಿ ಒತ್ತಿದಳು. "ನೋಡಿ, ಉಂಡೆ ಆಯ್ತು, ಒತ್ತಿದ್ರೆ ಚಪ್ಪಟೆ ಆಗುತ್ತೆ. ಈಗಲೇ ಇಳಿಸ್ಬೇಕು. ಇನ್ನೂ ಕುದಿಸಿದ್ರೆ ಕಟಕಟ ಅನ್ನುತ್ತೆ. ಆಗ ನೀವು ಹೇಳಿದ ಹಾಗೆ ಹಲ್ಲು ಮುರಿಯುತ್ತೆ."

"ನಾನು ಹಾಗೆ ಹೇಳಿಲ್ಲ."

"ಕೈಗೆ ಬೆಣ್ಣೆ ಹಚ್ಕೊಳ್ಳಿ."

ಅವನು ಹಚ್ಚಿಕೊಂಡ. ಬಿಸಿ ಪಾಕದಲ್ಲಿ ಹೊರಳಿಸಿ ತುಸು ಆರಿದ ಪಾಪ್‌ಕಾರ್ನ್ ಬಾಚಿಕೊಂಡು ಬಲವಾಗಿ ಅಮುಕಿದ.

"ಅಯ್ಯೋ, ಹಲ್ಲು ಕೀಳ್ತಿದ್ದೀರಾ? ಹಗುರವಾಗಿ ಹಿಡೀರಿ. ಗುಬ್ಬಿ ಮರಿ ಹಿಡಿದ ಹಾಗೆ."

ಹೇಳುತ್ತ ಅವನ ಕೈಯನ್ನು ತನ್ನ ಕೈಯಿಂದ ಸಡಿಲಿಸಿದಳು. ಬೆಣ್ಣೆಗೈ ಜಾರಿತು. 'ಒಲೆಯ ಕಾವು, ಅಷ್ಟೇ' ಎಂದು ಅವಳು ಕೆನ್ನೆಯ ಬಿಸಿಗೆ ಸಮಾಧಾನ ಹೇಳಿಕೊಂಡಳು.

ಅವನು ಪಕ್ಕದ ಹಲ್ಲಿನಿಂದ ಉಂಡೆ ಕಚ್ಚಿ ತಿಂದ. ತಿನ್ನುತ್ತ ಅಪ್ಪನ ಬಳಿ ಹೋಗಿ ಕುಳಿತ. ಅಪ್ಪನ ಬೆರಳು ತಟ್ಟೆಯಲ್ಲಿ ತಡಕಾಡುವುದನ್ನು ಬಹಳ ಹೊತ್ತು ನೋಡಿದ. ಮುಖದ ನಗು ಇಳಿಯಿತು.

"ಏನ್ ಡಾಕ್ಟ್ರೇ, ಕಾಳು ಸಿಕ್ತಾ?" ಅಪ್ಪ ಹೆಮ್ಮೆಯಿಂದ ಕೇಳಿದರು.

"ಇಲ್ಲ ಯಜಮಾನ್ರೇ. ನನ್ನ ಹಲ್ಲೇ ಮೊದಲು ಬಿರುಕು ಬಿಟ್ಟಿತ್ತು ಅನ್ಸುತ್ತೆ. ತಪ್ಪು ನಂದೇ. ಕ್ಯಾಂಟೀನಲ್ಲಿ ಹೇಳ್ತೀನಿ."

ಗೆದ್ದೆ! ಅವಳಿಗೆ ಹಾಗನ್ನಿಸಬೇಕಿತ್ತು. ಆದರೆ ಅವನು ಅವಸರದಲ್ಲಿ ಎದ್ದು ಹೊರಟ ರೀತಿ ಸರಿ ಕಾಣಲಿಲ್ಲ. ಬಲಗೈ ಮುಷ್ಟಿ ಬಿಗಿಯಾಗಿತ್ತು. ಅವಳು ಗೇಟಿನ ಬಳಿ ಅಡ್ಡ ನಿಂತಳು.

"ಕೈ ಬಿಡಿಸಿ."

"ಏನಿಲ್ಲ..."

"ಬಿಡಿಸಿ ಅಂದೆ."

ಅಂಗೈಯಲ್ಲಿ ಅರಳದ ಕಾಳುಗಳಿದ್ದವು. ಅಪ್ಪ ಆರಿಸಿ ಮುಗಿಸಿದ ರಾಶಿಯಿಂದ ಅವನು ಮೆಲ್ಲಗೆ ಹೆಕ್ಕಿದ ಕಾಳುಗಳು.

ಅವಳ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಅವಮಾನಕ್ಕೆ.

"ಹಾಗಾದ್ರೆ ಒಳಗೆ ಹೇಳಿದ್ದು?"

"ಅವರ ಎದುರಿಗೆ ಹೇಗೆ ಹೇಳ್ಲಿ? ಕಣ್ಣಿಂದ ಹುಡುಕ್ತಿಲ್ಲ ಅವರು, ಬೆರಳಿಂದ ಹುಡುಕ್ತಿದ್ದಾರೆ. ಪೊರೆ ಬಂದಿರಬೇಕು. ಒಂದ್ಸಲ ತೋರಿಸಿ..."

"ನಮ್ಮ ಮೇಲೆ ದಯೆ ತೋರ್ಸೋಕೆ ನೀವ್ಯಾರು? ತಪ್ಪಿದ್ರೆ ತಪ್ಪು ಅನ್ನಿ, ಅದನ್ನ ತಡ್ಕೋತೀನಿ. ಪಾಪ ಅಂತ ಸುಳ್ಳು ಹೇಳಿ ನನ್ನನ್ನ ಗೆಲ್ಲಿಸ್ಬೇಡಿ. ಹೋಗಿ ಇಲ್ಲಿಂದ."

ಅವನು ಗೇಟು ತೆಗೆದು ಹೊರಟುಹೋದ.

ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಬೀದೀಲಿ ನಿಂತು ನನ್ನ ಕಣ್ಣಿನ ಬಗ್ಗೆ ತೀರ್ಮಾನ ಮಾಡ್ತೀರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ?"

"ಅಪ್ಪ... ನಿಂಗೆ ಕಾಣ್ಸಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನಂತಿದ್ದೆ? ಅಪ್ಪ, ನೀನು ಸುಮ್ನೆ ಕೂತ್ಕೋ ಅಂತಿದ್ದೆ. ಹೊಸ ಮೆಷಿನ್ ಬಂದಾಗ ಥಿಯೇಟರಿನೋರೂ ಅದನ್ನೇ ಅಂದ್ರು. ಕೂತು ಕೂತು ಸಾಕಾಗಿದೆ ನಂಗೆ." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆ ಹುಡುಗ ಕಾಳು ಮುಚ್ಚಿಟ್ಟಿದ್ದೂ ಗೊತ್ತು. ನನ್ನ ಕಿವಿಗೇನೂ ಆಗಿಲ್ಲ. ಅವನು ನನ್ನ ಮರ್ಯಾದೆ ಕಾಯೋಕೆ ಸುಳ್ಳು ಹೇಳ್ದ. ನೀನು ಅವನನ್ನ ಬೈದು ಕಳ್ಸಿದೆ. ನಾನು ಇಬ್ಬರ ಮೇಲೂ ಸಿಟ್ಟು ಮಾಡ್ಕೋಬೇಕು. ಆದ್ರೆ ಅವನ ಮೇಲೆ ಬರ್ತಿಲ್ಲ."

ಒಂದೇ ಮನೆಯಲ್ಲಿದ್ದು ತನಗೆ ಕಾಣದ್ದು ಹೊರಗಿನವನಿಗೆ ಕಂಡಿತಲ್ಲ... ಅವಳು ಅಪ್ಪನ ಎದೆಗೆ ಹಣೆ ಹಚ್ಚಿ ಅತ್ತುಬಿಟ್ಟಳು.

ಮರುದಿನ ಅವಳು ಥಿಯೇಟರಿಗೆ ಹೋದಳು. "ಕಾಳು ನಮ್ಮದೇ. ತಪ್ಪು ನಮ್ಮದೇ. ಹೇಳಿ ಹೋಗೋಣ ಅಂತ ಬಂದೆ," ಅಂದಳು.

ಕ್ಯಾಂಟೀನ್ ಮಾಲೀಕ ಹಲ್ಲು ಕಿರಿದ. "ಆ ಡಾಕ್ಟ್ರು ಆಗ್ಲೇ ಬಂದು ಕೂಗಾಡಿ ಹೋದ್ರು. ಕಾಳು ಆರಿಸೋಕೆ ಹೇಳಿ ಅಂತ ತಾನೇ ನಾನು ಅಂದಿದ್ದು, ಉಂಡೆ ನಿಲ್ಲಿಸೋಕೆ ನನ್ನ ಹೆಸರು ಯಾಕೆ ಬಳಸಿದ್ರಿ ಅಂತ ಕೇಳಿದ್ರು. ಇರ್ಲಿ ಬಿಡಿ ಮೇಡಂ."

ಕೌಂಟರಿನ ಮೇಲೆ ಹೊಳೆಯುವ ಕಾಗದ ಸುತ್ತಿದ ಬೇರೆ ಉಂಡೆಗಳಿದ್ದವು.

"ಇವು ಯಾರದ್ದು?"

"ನಮ್ಮ ಬಾಮೈದ ಹೊಸದಾಗಿ ಶುರು ಮಾಡಿದ್ದಾನೆ..."

ಅವಳು ಒಂದನ್ನು ಎತ್ತಿ ಅಮುಕಿ ನೋಡಿದಳು. ಕಲ್ಲು. ಡಾಕ್ಟರನ ಹಲ್ಲು ಇವನಿಗೆ ಒಂದು ನೆಪವಾಗಿತ್ತು, ಅಷ್ಟೇ.

"ಬೇಕಾದ್ರೆ ನಿಮ್ಮದನ್ನೂ ಒಂದು ಮೂಲೇಲಿ ಇಡೋಣ."

"ಬೇಡ. ನನ್ನ ತಪ್ಪಿಗೆ ತಪ್ಪಾಯ್ತು ಅಂತ ಹೇಳಿ ಆಯ್ತು. ನಿಮ್ಮ ತಪ್ಪಿಗೆ ನೀವು ಹೇಳೋ ತನಕ ನನ್ನ ಉಂಡೆ ಈ ಬಾಗಿಲು ದಾಟಲ್ಲ."

ಹೊರಗೆ ಬಿಸಿಲಿತ್ತು. ಮುಂದೆ ಎಲ್ಲಿ ಮಾರುವುದೋ ಗೊತ್ತಿರಲಿಲ್ಲ. ಆದರೂ ತಲೆ ಎತ್ತಿಕೊಂಡೇ ನಡೆದಳು. ಕಾಲು ತಾವಾಗಿ ಕ್ಲಿನಿಕ್ಕಿನ ಬೀದಿಗೆ ತಿರುಗಿದವು. ಮೆಟ್ಟಿಲ ತನಕ ಹೋದಳು. ಒಳಗೆ ಹೋಗಲು ಮುಖವಿಲ್ಲದೆ ಹಿಂದಿರುಗಿದಳು.

ಅಪ್ಪನ ಕಣ್ಣಿನ ಆಪರೇಷನ್ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಅವಳೊಬ್ಬಳೇ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ಯಾರೋ ಬಂದು ಕುಳಿತರು. ನೋಡಿದರೆ ಅವನೇ.

"ನಿಮ್ಮಪ್ಪ ಫೋನ್ ಮಾಡಿದ್ರು," ಎಂದ ಮೆಲ್ಲಗೆ. "ಒಳಗೆ ನನಗೆ ಭಯ ಇಲ್ಲ, ಹೊರಗೆ ಅವಳಿಗೆ ಭಯ ಆಗುತ್ತೆ ಅಂದ್ರು. ಹೋಗಿ ಅಂದ್ರೆ ಹೋಗ್ತೀನಿ."

ಹೋಗಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಅವತ್ತು ಬೈದಿದ್ದು ತಪ್ಪು," ಅಂದಳು ನೆಲ ನೋಡುತ್ತ. "ಆದ್ರೆ ನೀವು ಸುಳ್ಳು ಹೇಳಿದ್ದೂ ತಪ್ಪು."

"ಒಪ್ಕೋತೀನಿ."

"ಹೀಗೆ ತಟ್ಟನೆ ಒಪ್ಕೋಬೇಡಿ. ಜಗಳ ಆಡೋಕಾಗಲ್ಲ."

ಅವನು ನಕ್ಕ. ಆಮೇಲೆ ಗಂಭೀರನಾದ. "ನನ್ನ ಹತ್ರ ಬರೋರೆಲ್ಲ ಬಾಯಿ ತೆಗೀತಾರೆ, ಯಾರೂ ಮಾತಾಡಲ್ಲ. ನಾನು ಕೇಳ್ತೀನಿ, ಅವರು ಊಂ ಅಂತಾರೆ. ದಿನವೆಲ್ಲ ಅಷ್ಟೇ. ನೀವು ಒಬ್ಬರು ಬಂದು ನನ್ನ ಮುಖಕ್ಕೇ ಹೇಳಿದ್ರಿ. ಅವತ್ತಿಂದ ಬಾಗಿಲು ಸದ್ದಾದ್ರೆ ಸಾಕು, ನೀವೇ ಬಂದ್ರಾ ಅಂತ ತಿರುಗಿ ನೋಡ್ತೀನಿ. ಬೈಯೋಕಾದ್ರೂ ಬರ್ಲಿ ಅಂತ... ಇದು ದಯೆ ಅಲ್ಲ. ಇಷ್ಟ."

'ನನಗೂ...' ಎಂದುಕೊಂಡಳು. 'ಮೆಟ್ಟಿಲ ತನಕ ಬಂದಿದ್ದೆ ಅಂತ ಹೇಗೆ ಹೇಳಲಿ?'

"ನಾನೂ ಬಂದಿದ್ದೆ," ಎಂದಳು ಕೊನೆಗೆ. "ಒಳಗೆ ಬರೋಕೆ ಸಿಟ್ಟು ಸಾಕಾಗ್ಲಿಲ್ಲ."

ಅವನ ಬೆರಳು ಮೆಲ್ಲಗೆ ಅವಳ ಬೆರಳನ್ನು ತಾಕಿತು. ಅವಳು ಕೈ ತೆಗೆಯಲಿಲ್ಲ.

ಒಳಗಿನಿಂದ ನರ್ಸ್ ಬಂದು, ಎಲ್ಲ ಸರಿಯಾಗಿ ಆಯಿತು, ಸ್ವಲ್ಪ ಹೊತ್ತಿಗೆ ಹೊರಗೆ ಕರೆತರುತ್ತೇವೆ ಎಂದಳು. ಅವಳು ಉಸಿರು ಬಿಟ್ಟು ಅವನತ್ತ ತಿರುಗಿದಳು.

"ಇನ್ಮುಂದೆ ನನ್ನ ಹತ್ರ ಸುಳ್ಳು ಹೇಳ್ಬಾರ್ದು."

"ಹೇಳಲ್ಲ. ನಿಜಾನೇ ಹೇಳ್ತೀನಿ. ಅವತ್ತಿನ ಉಂಡೇಲಿ ಬೆಣ್ಣೆ ಒಂಚೂರು ಜಾಸ್ತಿ ಆಗಿತ್ತು."

"ಏನಂದೆ ನೀನು?"

ಅವನು ಅವಳ ಮುಖವನ್ನೇ ನೋಡಿದ. ಕಣ್ಣು ಅರಳಿದ್ದವು. "ನೀನು ಅಂದ್ಯಾ?"

ಅವಳು ನಾಲಿಗೆ ಕಚ್ಚಿಕೊಂಡಳು. "ಸಿಟ್ಟಲ್ಲಿ ಬಾಯಿಗೆ ಬಂದ್ಬಿಡ್ತು..."

"ಬಂದಿದ್ದು ಬಂತು. ವಾಪಸ್ ತಗೋಬೇಡ."

"ತಗೊಳ್ಳಲ್ಲ," ಎಂದಳು ಅವಳು. "ಬೆಣ್ಣೆ ಮಾತು ಮಾತ್ರ ನೀನು ವಾಪಸ್ ತಗೋ."