ಇಳಿಸದ ಎರಡು ಪೆಟ್ಟಿಗೆ

೧೯೮೧ರ ಜೂನ್ ೧೭. ಮಧ್ಯಾಹ್ನ ಖಾನಾಪುರ ಠಾಣೆಗೆ ಏದುಸಿರು ಬಿಡುತ್ತ ಬಂದ ದನಗಾಹಿ ರಾಯಪ್ಪನ ಮೈಯೆಲ್ಲ ಕೆಸರಾಗಿತ್ತು.

"ಸಾಹೇಬ್ರ, ನಮ್ಮ ಅಡವ್ಯಾಗ ಇಮಾನ ಬಿದ್ದೈತ್ರಿ. ಒಬ್ಬಾಕಿ ಹೆಣ್ಮಗಳು ಇನ್ನೂ ನರಳಾಕತ್ತಾಳ."

ಅವನ ಹೇಳಿಕೆಯ ಮೇಲೆ ಎಫ್‌ಐಆರ್ ಬರೆಯಲು ಹೇಳಿ ಇನ್ಸ್‌ಪೆಕ್ಟರ್ ಚನ್ನಬಸಯ್ಯ ಕಾನ್‌ಸ್ಟೇಬಲ್ ಗುರುಸಿದ್ದನೊಡನೆ ಜೀಪು ಹತ್ತಿದರು. ಬಿದ್ದದ್ದು ಬೆಳಿಗ್ಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮಂಗಳೂರಿಗೆ ಹಾರಿದ್ದ ಖಾಸಗಿ ಸರಕು ವಿಮಾನ. ಪೈಲಟ್ ಸತ್ತಿದ್ದ. ಕಾಂತಾ ಎಂಬ ಎಂಟು ವರ್ಷದ ಹುಡುಗಿಯೂ ಉಳಿದಿರಲಿಲ್ಲ. ಅವಳ ತಾಯಿ ಸಂಗವ್ವನನ್ನು ಬೆಳಗಾವಿಯ ಆಸ್ಪತ್ರೆಗೆ ಸಾಗಿಸಿದರು.

ಪಂಚನಾಮೆ ನಡೆದಾಗ ಗುರುಸಿದ್ದ ಕೇಳಿದ: "ಸರ್, ಬೆಂಕಿ ಯಾಕ ಹತ್ತಿಲ್ಲ?"

ಟ್ಯಾಂಕುಗಳು ಒಡೆದಿರಲಿಲ್ಲ. ಒಳಗೆ ಒಂದು ಲೋಟ ಪೆಟ್ರೋಲೂ ಇರಲಿಲ್ಲ. ಹಿಂಬದಿಯಲ್ಲಿ ಯಂತ್ರದ ಭಾಗ ತುಂಬಿದ ಹತ್ತು ಪೆಟ್ಟಿಗೆ ಇದ್ದವು.

ಮರುದಿನ ವಿಮಾನದ ಮಾಲೀಕ ಬಾಳಾಸಾಹೇಬನನ್ನು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಬಂಗಲೆಯಲ್ಲಿ ವಿಚಾರಿಸಿದರು.

"ಮಂಗಳೂರಾಗ ಮೋಡ ಮುಚ್ಚಿ ಇಳಿಯಾಕ ಆಗಲಿಲ್ಲಂತ. ಹೊಳ್ಳಿ ಬರಾಕತ್ತಿದ್ದ. ಹೊಳ್ಳಿ ಬರೂವಷ್ಟು ಎಣ್ಣಿ ಅಂವ ಯಾವಾಗಲೂ ಇಟ್ಕೊಂಡಿರತಿದ್ದ."

"ಹುಡುಗಿ ಯಾರು?"

"ನಮ್ಮ ಸಿದ್ದಪ್ಪನ ಮಗಳು. ಮಾಲು ಹೇರೂದು, ಎಣ್ಣಿ ಹಾಕೂದು ಅವನ ಕೆಲಸ. ಮಂಗಳೂರಾಗ ಎದಿ ಆಪರೇಶನ್ ಆಗಬೇಕಿತ್ತು, ಬಸ್ಸಿನಾಗ ಒಯ್ದರ ತಡ್ಯಾಂಗಿಲ್ಲ ಅಂದಿದ್ರಂತ ಡಾಕ್ಟರು."

"ನಿಮ್ಮನ್ನ ಕೇಳಿದ್ದನೇನು?"

"ಕೇಳಿದ್ದ. ಕಳಸು, ಆದ್ರ ಪೆಟಗಿ ಇಳಿಸಿದಿ ಅಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ ಅಂದೆ. ಮಾಲು ಮುಟ್ಟಬೇಕಿತ್ರೀ."

ಸಾಂಬ್ರಾದ ಶೆಡ್ಡಿನ ಹಿಂದೆ ತಾಡಪತ್ರಿ ಹೊದಿಸಿದ ಡ್ರಮ್ಮೊಂದು ಗುರುಸಿದ್ದನ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ವಿಮಾನದ ಪೆಟ್ರೋಲ್.

ಸಿದ್ದಪ್ಪ ಆಸ್ಪತ್ರೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ.

"ಡ್ರಮ್ಮಿಗೆ ಎಣ್ಣಿ ತೆಗೆದವರು ಯಾರು?"

"ನಾನರೀ."

"ಯಾಕ?"

"ಜನ, ಮಾಲು, ಎಣ್ಣಿ, ಎಲ್ಲಾ ಕೂಡಿ ಆ ವಿಮಾನ ಇಷ್ಟ ಹೊರತೈತಿ ಅಂತ ಇರತೈತ್ರಿ. ಅವ್ವ ಮಗಳು ಕುಂತರ ಎರಡು ಪೆಟಗಿ ಇಳೀಬೇಕು ಅಂದ ಪೈಲಟ್. ಇಳಿಸೀನಿ ಅಂತ ಸುಳ್ಳ ಹೇಳಿದೆ. ಭಾರ ಹೆಚ್ಚಾಗಿ ಮ್ಯಾಲ ಏರಲಿಲ್ಲಂದ್ರ ಅಂತ ಅಂಜಿ, ಅಷ್ಟ ತೂಕದ ಎಣ್ಣಿ ತೆಗೆದೆ."

"ಅಂವ ನೋಡಲಿಲ್ಲೇನು?"

"ಎಣ್ಣಿ ತೋರ್ಸೋ ಮುಳ್ಳು ಕೆಟ್ಟಿತ್ರಿ. ಟ್ಯಾಂಕಿನಾಗ ಕೋಲು ಅದ್ದಿ ನೋಡಿ ಚಾ ಕುಡಿಯಾಕ ಹೋದ. ಆಮ್ಯಾಲ ತೆಗೆದೆ. ಮಂಗಳೂರು ಮುಟ್ಟೂವಷ್ಟು ಖರೇನ ಇತ್ರಿ ಸಾಹೇಬ್ರ..."

ಅಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಕಲಂ ೩೦೪-ಎ ಅಡಿ ದಸ್ತಗಿರಿಯ ಕಾಗದಕ್ಕೆ ಅವನು ತಕರಾರಿಲ್ಲದೆ ಸಹಿ ಹಾಕಿದ. ಚನ್ನಬಸಯ್ಯನವರು ಬಾಳಾಸಾಹೇಬನ ಹೆಸರನ್ನೂ ಸೇರಿಸಲು ಸರಕಾರಿ ವಕೀಲರನ್ನು ಕೇಳಿದ್ದರು. ಪೆಟ್ಟಿಗೆ ಇಳಿಸಬೇಡ ಎಂದದ್ದಕ್ಕೆ ಯಾವ ಕಲಂ ಹಚ್ಚುತ್ತೀರಿ ಎಂದು ವಕೀಲರು ತಿರುಗಿ ಕೇಳಿದ್ದರು. ಮಗಳನ್ನೂ ಕಳೆದುಕೊಳ್ಳಬಾರದು, ಕೆಲಸವನ್ನೂ ಕಳೆದುಕೊಳ್ಳಬಾರದು ಎಂದುಕೊಂಡವನ ಕೈಗೆ ಕೋಳ ಬಿದ್ದಿತ್ತು, ಅಷ್ಟೇ.

"ಹೆಂಡತಿಗೆ ಇನ್ನೂ ಗೊತ್ತಿಲ್ರಿ," ಎಂದ ಸಿದ್ದಪ್ಪ. "ಹೇಳಿ ಬರತೀನಿ."

ಕೋಳ ಬಿಚ್ಚಿಸಿ ಒಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಹೊರಬಂದು ತಾನಾಗಿಯೇ ಕೈ ಚಾಚಿದ.

"ಆಗಲಿಲ್ರಿ. ನೀವ ಹೇಳ್ರಿ."

ಚನ್ನಬಸಯ್ಯ ಟೋಪಿ ತೆಗೆದು ಒಳಗೆ ಹೋದರು.

"ಬರ್ರಿ ಸಾಹೇಬ್ರ," ಎಂದಳು ಸಂಗವ್ವ. "ನಮ್ಮ ಕಾಂತಾನ್ನ ಯಾವ ಖೋಲ್ಯಾಗ ಮಲಗಿಸ್ಯಾರ?"