ಎರಡು ತುತ್ತು ಹೆಚ್ಚು

ಕೋಟಿನ ಭುಜದ ಕಚ್ಚಾ ಹೊಲಿಗೆಯನ್ನು ಅವಳು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ದರ್ಜಿ ಅಂಗಡಿಯ ಉಳಿದವರೆಲ್ಲ ಪಕ್ಕದ ಕೋಣೆಗೆ ಊಟಕ್ಕೆ ಹೋಗಿದ್ದರು. ಹೊಲಿಗೆ ಯಂತ್ರಗಳು ಸುಮ್ಮನಾದ ಆ ಹೊತ್ತಿನಲ್ಲಿ ತನ್ನ ಹೊಟ್ಟೆಯ ಸದ್ದು ಯಾರಿಗಾದರೂ ಕೇಳಿಸೀತೆಂದು ಆಗಾಗ ಕೆಮ್ಮುತ್ತಿದ್ದಳು.

ಮಂಡಿನೋವಿಗೆ ತೂಕ ಇಳಿಸಬೇಕೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಇಳಿಸಿದ್ದಳು ಕೂಡ. ಆಮೇಲೆ ತೂಕದ ಮುಳ್ಳು ಹಟ ಹಿಡಿದ ಎಮ್ಮೆಯಂತೆ ನಿಂತಲ್ಲೇ ನಿಂತಿತು. ತಟ್ಟೆಯಿಂದ ಇನ್ನಷ್ಟು ತೆಗೆದಳು. ಮುಳ್ಳು ಕದಲಲಿಲ್ಲ.

ಆಸ್ಪತ್ರೆಯಲ್ಲಿ ಆಹಾರ ತಜ್ಞೆಯಾಗಿದ್ದ ತಂಗಿಯ ಮಗಳು ಫೋನಿನಲ್ಲಿ ನಕ್ಕಿದ್ದಳು. "ದೊಡ್ಡಮ್ಮ, ಕಮ್ಮಿ ತಿಂದೂ ತಿಂದೂ ನಿನ್ನ ಮೈ ಜಿಪುಣತನ ಕಲಿತಿದೆ. ಕೊಟ್ಟಷ್ಟರಲ್ಲೇ ಸಂಸಾರ ತೂಗಿಸ್ತಿದೆ. ಕೆಲವು ವಾರ ಜಾಸ್ತಿ ತಿನ್ನು."

"ತೂಕ ಇಳೀಲಿ ಅಂತ ತಿನ್ನೋದೂ ಬೆಂಕಿ ಆರಲಿ ಅಂತ ಎಣ್ಣೆ ಸುರಿಯೋದೂ ಒಂದೇ ಕಣೇ."

"ಎಷ್ಟು ಜಾಸ್ತಿ ಅಂತ ನಾನು ಹೇಳ್ತೀನಿ. ನೀನು ಬಾಯಿ ತೆರಿ ಸಾಕು. ಮಾತಾಡೋಕಲ್ಲ."

ಅವಳು ತೆರೆಯಲಿಲ್ಲ. ತಾಯಿಯ ಆರೈಕೆ, ತಂಗಿಯ ಮದುವೆ ಎಂದು ತನ್ನ ಮದುವೆಯನ್ನು ಮುಂದೂಡಿದವಳು, ಈಗ ಎಲ್ಲವನ್ನೂ 'ಇಳಿದ ಮೇಲೆ' ಎಂದು ಎತ್ತಿಟ್ಟಿದ್ದಳು. ಮಾಸ್ಟರ್ ಜೊತೆ ಮನಸ್ಸು ಬಿಚ್ಚಿ ಮಾತಾಡುವುದು ಕೂಡ ಇಳಿದ ಮೇಲೆಯೇ.

ಮಾಸ್ಟರ್ ಎಂದರೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅವನ ಕತ್ತರಿ ಬಟ್ಟೆಯ ಮೇಲೆ ಹರಿಯುವುದನ್ನು ನೋಡುವುದೇ ಅವಳಿಗೊಂದು ಸುಖ. ಅಂಜಿಕೆಯಿಲ್ಲ, ಅವಸರವಿಲ್ಲ, ನಿಂತ ನೀರಿನಲ್ಲಿ ದೋಣಿ ಹೋದ ಹಾಗೆ.

ಚಳಿಗಾಲ ಬಂತೆಂದರೆ ಅಂಗಡಿಯಲ್ಲೊಂದು ರೂಢಿ. ಹೊಲಿಯುವವರಿಗೆಲ್ಲ ಒಂದೊಂದು ಕೋಟು. ಕತ್ತರಿಸುವುದು ಮಾಸ್ಟರ್, ಹೊಲಿದುಕೊಳ್ಳುವುದು ಅವರವರೇ. ಈ ಸಲ ಅವಳು ಮೊದಲೇ ಹೇಳಿದ್ದಳು: "ಎರಡು ಬೆರಳು ಬಿಗಿಯಾಗಿ ಕತ್ತರಿಸಿ ಮಾಸ್ಟರ್. ಹೊಲಿದು ಮುಗಿಸೋಷ್ಟರಲ್ಲಿ ಇಳಿದಿರ್ತೀನಿ."

ಮಾಸ್ಟರ್ ಬಿಗಿಯಾಗಿ ಕತ್ತರಿಸಿಲ್ಲವೇನೋ ಎಂದು ಹೊಲಿಯುವಾಗಲೇ ಅನುಮಾನ ಬಂದಿತ್ತು. ಈಗ ತೊಟ್ಟು ಕನ್ನಡಿಯ ಮುಂದೆ ನಿಂತಳು. ಕೋಟು ಹೇಳಿ ಮಾಡಿಸಿದಂತೆ ಕೂತಿತ್ತು. ಅವಳ ಮುಖ ಸಣ್ಣಗಾಯಿತು.

"ಸರಿಯಾಗಿದೆಯಲ್ಲ," ಎನ್ನುತ್ತ ಮಾಸ್ಟರ್ ಊಟದ ಡಬ್ಬಿ ಹಿಡಿದು ಬಂದ.

"ಸರಿಯಾಗಿರೋದಕ್ಕೇ ಸಿಟ್ಟು. ನಾನು ಇಳಿಯಲ್ಲ ಅಂತ ನಿಮಗೂ ಗ್ಯಾರಂಟಿ ಆಗಿಬಿಡ್ತಾ?"

ಅವನು ಅವಳ ಭುಜದ ಮೇಲಿನ ಒಂದು ನೆರಿಗೆಯನ್ನು ಎರಡೇ ಬೆರಳಲ್ಲಿ ಸರಿಪಡಿಸಿದ. ಕನ್ನಡಿಯಲ್ಲಿ ಕಣ್ಣುಗಳು ಸಂಧಿಸಿದವು. ಇಬ್ಬರೂ ಥಟ್ಟನೆ ಗುಂಡಿಗಳನ್ನು ನೋಡಿದರು.

"ಮೊನ್ನೆ ಒಂದು ಕಾಲರ್‌ನಲ್ಲಿ ನಿಮ್ಮ ಹೊಲಿಗೆ ಸೊಟ್ಟಗೆ ಹೋಗಿತ್ತು. ಇಷ್ಟು ವರ್ಷದಲ್ಲಿ ಅಂಥದ್ದು ನಾನು ಕಂಡಿಲ್ಲ."

"ಯಾರೂ ಏನೂ ಅನ್ನಲಿಲ್ಲವಲ್ಲ?"

"ನಾನೇ ಬಿಚ್ಚಿ ಹೊಲಿದೆ. ಅದು ನಿಮ್ಮ ಕೈ ಅಲ್ಲ, ಹಸಿವಿನ ಕೈ. ನಿಮ್ಮನ್ನ ಇನ್ನೂ ಉಪವಾಸ ಕೆಡವೋ ಕೋಟು ಕತ್ತರಿಸೋಕೆ ಮನಸ್ಸು ಬರಲಿಲ್ಲ. ಇಳಿದಾಗ ಬಿಗಿ ಮಾಡಿಕೊಡ್ತೀನಿ. ಸದ್ಯಕ್ಕೆ ಚಳಿ ಇದೆ, ಹಾಕ್ಕೊಳ್ಳಿ."

ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಮಾತು ತಿರುಗಿಸಲೆಂದು ಕೇಳಿದಳು, "ಟೇಪ್ ಹಿಡಿಯದೆ ಇಷ್ಟು ಸರಿಯಾಗಿ ಹೇಗೆ ಕತ್ತರಿಸಿದಿರಿ?"

ಮಾಸ್ಟರ್‌ನ ಕಿವಿ ಕೆಂಪಾಯಿತು. "ದಿನಾ ನೋಡ್ತೀನಲ್ಲ." ಡಬ್ಬಿ ತೆರೆದು ಬೇಯಿಸಿದ ಮೊಟ್ಟೆಯೊಂದನ್ನು ಅವಳತ್ತ ಸರಿಸಿದ. "ಮೊದಲು ಇದು. ಜಗಳ ಆಮೇಲೆ."

ತಂಗಿಯ ಮಗಳು ಹೇಳಿದಷ್ಟನ್ನು ಅವಳು ಅಂದಿನಿಂದ ತಿನ್ನತೊಡಗಿದಳು, ಕತ್ತರಿಸುವ ಮೇಜಿನ ಬಳಿಯೇ ಕೂತು. ಮುಳ್ಳು ಮೊದಲು ತುಸು ಮೇಲೆ ಹೋಯಿತು. ಅವಳು ಅತ್ತೂಬಿಟ್ಟಳು. ಆದರೆ ಹೊಲಿಗೆ ನೆಟ್ಟಗಾಯಿತು. ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಬರುವುದು ನಿಂತಿತು. ಆ ವಾರಗಳು ಕಳೆದು ಊಟವನ್ನು ಮತ್ತೆ ತುಸುವೇ ತಗ್ಗಿಸಿದಾಗ, ಒಂದು ಬೆಳಗ್ಗೆ ಮುಳ್ಳು ಕೆಳಗೆ ಜಾರಿತ್ತು.

ಮಧ್ಯಾಹ್ನ ಮಾಸ್ಟರ್‌ಗೆ ಹೇಳಿದಳು. ಅವನು ಮುಖ ತುಂಬ ನಕ್ಕ.

"ತುತ್ತು ಕಮ್ಮಿ ಮಾಡಿದ ಹಾಗೆ ಮಾತು ಕಮ್ಮಿ ಮಾಡಬೇಡಿ ಮತ್ತೆ," ಎಂದು ಬಟ್ಟೆಯ ಮೇಲೆ ಬಾಗಿದ.

ಆ ಬಾಗಿದ ಕತ್ತನ್ನು, ಕಿವಿಯ ಬಳಿಯ ನರೆಯನ್ನು ಅವಳು ಕಣ್ತುಂಬ ನೋಡಿದಳು. ಡಾಕ್ಟರು ಹೇಳಿದಷ್ಟಾಗಲು ಇನ್ನೂ ಬಹಳ ಇಳಿಯುವುದಿತ್ತು. ಇಳಿಯಲಿ, ಅದರ ಪಾಡಿಗೆ ಅದು. ಭಾನುವಾರ ಅವನನ್ನು ಮನೆಗೆ ಕರೆಯುವುದು, ಮದುವೆಯ ಮಾತನ್ನು ತಾನೇ ಎತ್ತುವುದು ಎಂದು ನಿಶ್ಚಯಿಸಿ ಕಿಸಕ್ಕನೆ ನಕ್ಕಳು.

"ಏನು ನಗ್ತಿದ್ದೀರಿ?" ಎಂದ ಅವನು, ತಲೆ ಎತ್ತದೆ.

"ಏನಿಲ್ಲ ಬಿಡಿ," ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.